ಹಳ್ಳದ ಆಚೆ ಇದ್ದ ಕೀಲಿಕೈ

ಹೆಬ್ಬಳ್ಳಿಯಿಂದ ಆಚೆಗೆ ಸಣ್ಣ ಊರು ನಮ್ಮದು. ಹಳ್ಳ ಬಂತೆಂದರೆ ಹೊರಗೆ ಹೋಗಲು ದಾರಿಯೇ ಇಲ್ಲ. ಹೋದ ವರ್ಷ ಸೇತುವೆ ಮೇಲೆ ನೀರು ನಿಂತು ಎರಡು ದಿನ ಯಾರೂ ದಾಟಲಿಲ್ಲ. ಅದಕ್ಕೇ ಈ ಸಲ ಮಳೆಗೆ ಮೊದಲೇ, ಊರು ನೆರೆಯನ್ನು ಎಷ್ಟು ತಡೆದುಕೊಳ್ಳುತ್ತದೆ, ಎಷ್ಟು ದಿನದಲ್ಲಿ ಮತ್ತೆ ಸುಧಾರಿಸುತ್ತದೆ ಎಂದು ಅಳೆಯುವ ಕೆಲಸ ಪಂಚಾಯಿತಿಯಿಂದ ನಮ್ಮ ಮಹಿಳಾ ಸಂಘಕ್ಕೆ ಬಂತು. ಓಣಿಗೆ ಒಂದು ಹಾಳೆ, ಹತ್ತು ಪ್ರಶ್ನೆ, ಒಂದಕ್ಕೆ ಒಂದು ಅಂಕ. ಹಾಳೆ ಹಿಡಿದು ಹೊರಟವಳು ಸಂಘದ ಉಮಾಶ್ರೀ, ಅಂದರೆ ನಾನು. ಮನೆಮನೆ ಸುತ್ತಿ ತಲೆ ಕೆಟ್ಟುಹೋಯಿತು. ಎಲ್ಲರದೂ ಒಂದೇ ಮಾತು, ಹತ್ತಕ್ಕೆ ಹತ್ತು ಹಾಕು!

ಓಣಿಯ ಹಿರಿಯ ಶಾಂತಯ್ಯ ಕಾಕಾ ಅಂತೂ ಹಾಳೆ ನೋಡಲೇ ಇಲ್ಲ.

“ಮ್ಯಾಲಿನ ಓಣ್ಯಾಗ ಒಂಬತ್ತು ಹಾಕಿಸ್ಯಾರಂತ. ನಮಗ ಹತ್ತು ಹಾಕವ್ವಾ ತಂಗಿ. ಓಣಿ ಮರ್ಯಾದಿ ಪ್ರಶ್ನೆ.”

“ಕಾಕಾ, ಇದು ಎಸ್ಸೆಸ್ಸೆಲ್ಸಿ ರಿಸಲ್ಟ್ ಅಲ್ರೀ! ಎಲ್ಲಿ ಕಡಿಮಿ ಐತಿ ಅಂತ ನಮಗ ಗೊತ್ತಾಗಬೇಕು. ಸುಳ್ಳ ಬರದ್ರ ಯಾರಿಗ್ರಿ ಮೋಸ?”

“ಏನ್ ಕಡಿಮಿ? ಎತ್ತರದಾಗ ಸಮುದಾಯ ಭವನ ಐತಿ. ನೀರು ಬಂದ್ರ ಅಲ್ಲಿ ಹೋಗಿ ಕುಂದರ್ತೇವಿ.”

ಅವರ ಸೊಸೆ ಶಾಂಭವಿ ಬಾಗಿಲಿಗೆ ಬಂದಳು. ಅವಳಿಗೆ ಏಳು ತಿಂಗಳು. ಎರಡನೆಯ ಕೂಸಾದ್ದರಿಂದ ತವರಿಗೆ ಹೋಗದೆ ಬಾಣಂತನ ಇಲ್ಲೇ, ಅದೂ ಮಳೆಗಾಲದಲ್ಲಿ.

“ಮಾವಾರ, ಹೋದ ವರ್ಷ ಭವನದ ಕಟ್ಟಿ ಮ್ಯಾಲ ತೊಯ್ಸ್ಕೊಂತ ಕುಂತಿದ್ವಿ. ಬಾಗಿಲಾನ ತಗೀಲಿಲ್ಲ. ಈ ಸಲ ನನಗ ಬ್ಯಾನಿ ಬಂದ್ರ ಅದ ಕಟ್ಟಿ ಮ್ಯಾಲ ಹಡೀಲೇನ್ರಿ?”

ನಾನು ಕಾಕಾನ ಕಡೆ ತಿರುಗಿದೆ.

“ಕೀಲಿಕೈ ಯಾರ ಹತ್ರ ಐತ್ರಿ?” ಎಂದೆ.

“ನನ್ನ ತಮ್ಮ ಗುರುಪಾದನ ಹತ್ರ. ಭವನದ ಕಮಿಟಿ ಅಧ್ಯಕ್ಷ ಅಂವನ. ಹುಬ್ಬಳ್ಳಿ ಗೋಕುಲ ರೋಡಿನ್ಯಾಗ ಇರ್ತಾನ.”

“ಅಂದ್ರ ಹಳ್ಳದ ಆ ಕಡೆ! ಹಳ್ಳ ಬಂದಾಗ ಕೀಲಿಕೈ ಏನ್ ಈಜಿ ಬರ್ತೈತೇನ್ರಿ ಕಾಕಾ? ಇವತ್ತು ಬಿಸಲೈತಿ. ಈಗ ಫೋನ್ ಮಾಡ್ರಿ, ಬಾಗಿಲು ಯಾವಾಗ ತಗೀತೈತಿ ನೋಡೋಣು.”

ಕಾಕಾ ಹಠಕ್ಕೆ ಬಿದ್ದು ಫೋನ್ ಮಾಡಿದರು. ಒಣ ರಸ್ತೆಯಲ್ಲಿ ಕೀಲಿಕೈ ಬರಲು ನಾಲ್ಕು ತಾಸು ಬೇಕಾಯಿತು. ಬಾಗಿಲು ತೆರೆದರೆ ಒಳಗೆ ಗುರುಪಾದನ ಹತ್ತಿಕಾಳಿನ ಚೀಲಗಳು, ಛಾವಣಿಯವರೆಗೆ. ಕಾಲಿಡಲು ಜಾಗವಿಲ್ಲ, ನಲ್ಲಿಯಲ್ಲಿ ನೀರಿಲ್ಲ.

“ಇದನ್ನ ನನಗ ಯಾರೂ ಯಾಕ ಹೇಳಲಿಲ್ಲ?” ಎಂದು ಕಾಕಾ ನನ್ನ ಮೇಲೇ ರೇಗಿದರು. ನನಗೆ ಹಣೆ ಚಚ್ಚಿಕೊಳ್ಳುವಂತಾಯಿತು.

“ಹೇಳಾಕ ಬಂದ್ರ ನೀವು ಹತ್ತು ಹಾಕು ಅಂತೀರಲ್ರೀ!”

ಕಾಕಾ ಚೀಲಗಳನ್ನೊಮ್ಮೆ, ಸೊಸೆಯನ್ನೊಮ್ಮೆ ನೋಡಿದರು. “ಎರಡು ಹಾಕು,” ಎಂದರು.

ಅದೇ ವಾರ ಭವನದಿಂದ ಚೀಲ ಹೊರಬಿದ್ದವು. ಎರಡು ಕೀಲಿಕೈ ಹೊಸದಾಗಿ ಮಾಡಿಸಿದೆವು, ಒಂದು ಕಾಕಾನ ಮನೆಗೆ, ಇನ್ನೊಂದು ಭವನದ ಪಕ್ಕದ ಮನೆಯ ದಾವಲಬಿಗೆ. ನಲ್ಲಿ ರಿಪೇರಿಯಾಯಿತು. ನಡೆಯಲಾಗದವರನ್ನು ಯಾರು ಎತ್ತಿ ತರಬೇಕೆಂದು ಹೆಸರು ಬರೆದೆವು. ಶಾಂಭವಿ ದಿನ ತುಂಬುವ ಮೊದಲೇ ಧಾರವಾಡದಲ್ಲಿರುವ ತನ್ನ ಅಕ್ಕನ ಮನೆಗೆ ಹೋಗುವುದೆಂದಾಯಿತು. ಈಗ ನಮ್ಮ ಓಣಿಗೆ ಆರು ಅಂಕ. ಪ್ರತಿ ವರ್ಷ ಮಳೆಗೆ ಮೊದಲು ಮತ್ತೆ ಅಳೆಯುತ್ತೇವೆ, ಯಾಕೆಂದರೆ ಖಾಲಿ ಭವನಕ್ಕೆ ಚೀಲ ಮತ್ತೆ ಬಂದೇ ಬರುತ್ತವೆ.

ಅಕ್ಕ ಅಣ್ಣಂದಿರೇ, ನಿಮ್ಮ ಊರಿಗೂ ಇಂಥ ಹಾಳೆ ಬಂದರೆ ಕೂತಲ್ಲೇ ಅಂಕ ಹಾಕಬೇಡಿ. ಎದ್ದು ಹೋಗಿ ಬಾಗಿಲು ತೆಗೆದು ನೋಡಿ, ನಲ್ಲಿ ತಿರುಗಿಸಿ ನೋಡಿ. ಕಡಿಮೆ ಅಂಕ ಬಂದರೆ ಯಾರ ಜೀವವೂ ಹೋಗುವುದಿಲ್ಲ. ಸುಳ್ಳು ಅಂಕ ಹಾಕಿದರೆ ಹೋಗಬಹುದು.