ಕಡತದಲ್ಲಿ ಇಲ್ಲದ ಮಾತು

ಅಣಕು ನ್ಯಾಯಾಲಯದ ಸ್ಪರ್ಧೆಗೆ ನಾನು ಹೆಸರು ಕೊಟ್ಟಿದ್ದೇ ವಕೀಲೆಯಾಗಬೇಕೆಂದು. ಸಂಘಟಕರು ಕಳಿಸಿದ್ದ ಹನ್ನೊಂದು ಪುಟದ ಕಡತ ನನಗೆ ಬಾಯಿಪಾಠವಾಗಿತ್ತು. ಆದರೆ ಪಾತ್ರ ಹಂಚುವಾಗ ಮೇಷ್ಟ್ರು ನನ್ನನ್ನು ಆರೋಪಿ ಮಾಡಿದರು. ರೋಗಿಯ ಉಂಗುರ ಕದ್ದಳೆಂದು ಸಿಕ್ಕಿಬಿದ್ದಿರುವ, ಆಸ್ಪತ್ರೆಯ ಕಸ ಗುಡಿಸುವವಳು.

"ನಿಮ್ಮಮ್ಮನೂ ಅದೇ ಕೆಲಸ ಅಲ್ವೇನಮ್ಮ? ನಿಂಗೆ ಸಲೀಸಾಗಿ ಬರುತ್ತೆ," ಎಂದರು.

ಏನು ಬರುತ್ತೆ, ಕಳ್ಳತನವೇ ಎಂದು ಕೇಳಬೇಕೆನಿಸಿತು. ನನ್ನ ಪರ ವಾದಿಸುವ ವಕೀಲನ ಪಾತ್ರ ಸಹಪಾಠಿ ಮೈಕನ ಪಾಲಾಯಿತು. ಅದು ಅವನ ಗಂಟಲಿಗೆ ಇಟ್ಟ ಹೆಸರು; ತಲೆಗೆ ಇಡಲು ಯಾರಿಗೂ ಏನೂ ಹೊಳೆದಿರಲಿಲ್ಲ.

ಅಭ್ಯಾಸದಲ್ಲಿ ಮೇಷ್ಟ್ರದು ಒಂದೇ ವರಾತ. "ಕಟಕಟೇಲಿ ಅಳು. ಎರಡು ಹನಿ ಬಿದ್ರೆ ಸಾಕು, ತೀರ್ಪುಗಾರರು ಕರಗಿಹೋಗ್ತಾರೆ."

ಈರುಳ್ಳಿ ತರಲೇ ಎಂದು ಮೈಕ ಕೇಳಿದ. "ಬೇಡ, ನಿನ್ನ ವಾದ ಕೇಳಿದ್ರೆ ತಾನಾಗೇ ಬರುತ್ತೆ," ಎಂದೆ.

ಸ್ಪರ್ಧೆಯ ದಿನ ಅಮ್ಮ ಪಾಳಿ ಮುಗಿಸಿ, ಕೆಲಸದ ನೀಲಿ ಕೋಟಿನಲ್ಲೇ ಬಂದು ಕೊನೆಯ ಸಾಲಿನಲ್ಲಿ ಕೂತಳು. ಆಟದ ನಿಯಮ ಸರಳ. ಕಡತದಲ್ಲಿ ಇಲ್ಲದ ಸಂಗತಿಯನ್ನು ಯಾರೂ ಹುಟ್ಟಿಸುವಂತಿಲ್ಲ. ಹುಟ್ಟಿಸಿದರೆ 'ಆಕ್ಷೇಪಣೆ' ಎನ್ನಬಹುದು, ಆದರೆ ವಕೀಲರು ಮಾತ್ರ.

ಎದುರಾಳಿ ಶಾಲೆಯ ವಕೀಲೆ ನನ್ನ ಮುಂದೆ ಬಂದು ನಿಂತಳು. "ನೀವು ಬಡವರು. ಉಂಗುರ ನೋಡಿ ಆಸೆ ಆಗ್ಲಿಲ್ವಾ?"

ಮೈಕ ಏಳಬೇಕಿತ್ತು. ಅವನು ಟೈ ಸರಿಮಾಡಿಕೊಳ್ಳುತ್ತಿದ್ದ.

"ನಾನು ಬಡವಳು ಅಂತ ಯಾವ ಪುಟದಲ್ಲಿದೆ?" ಎಂದೆ.

ಅವಳು ಪುಟ ತಿರುವಿದಳು, ಮತ್ತೆ ತಿರುವಿದಳು. ಸಭೆ ನಕ್ಕಿತು. ನಮ್ಮ ಮೇಷ್ಟ್ರೂ ನಕ್ಕರು.

ಕೊನೆಯ ವಾದಕ್ಕೆ ಮೈಕ ಎದ್ದ. ನಾನು ಆ ಕೋಣೆಗೆ ಕಾಲಿಡುವ ಮೊದಲೇ ಉಂಗುರ ಕಾಣೆಯಾಗಿತ್ತೆಂದು ಏಳನೇ ಪುಟದಲ್ಲಿ ನರ್ಸ್ ಹೇಳಿಕೆ ಇತ್ತು. ಅದನ್ನು ಬಿಟ್ಟು ಅವನು ಕೈಮುಗಿದ. "ಈ ಬಡಪಾಯಿಯನ್ನು ನೋಡಿ! ಓದು ಬರಹ ಇಲ್ಲದವಳು. ಇವಳ ಮೇಲೆ ಕರುಣೆ ತೋರಿಸಿ!"

ಕೊನೆಯ ಸಾಲಿನಲ್ಲಿ ಅಮ್ಮ ತಲೆ ತಗ್ಗಿಸಿದ್ದು ಕಾಣಿಸಿತು.

"ಆಕ್ಷೇಪಣೆ!" ಎಂದು ಎದ್ದೆ. "ಬಡಪಾಯಿ ಅಂತ ಕಡತದಲ್ಲಿಲ್ಲ. ಓದು ಬರಹ ಇಲ್ಲ ಅಂತಾನೂ ಇಲ್ಲ. ಕರುಣೆ ಯಾರಿಗೆ ಬೇಕು? ಏಳನೇ ಪುಟ ಓದೋ!"

ತನ್ನ ವಕೀಲನ ಮೇಲೆ ಆರೋಪಿಯೇ ಆಕ್ಷೇಪಣೆ ಎತ್ತಿದ್ದನ್ನು ತೀರ್ಪುಗಾರ್ತಿ ಹಿಂದೆಂದೂ ಕಂಡಿರಲಿಲ್ಲವೇನೋ. ಆಕೆ ನಿವೃತ್ತ ನ್ಯಾಯಾಧೀಶೆ. "ಕೂತ್ಕೊ," ಎಂದು ಆರು ಅಂಕ ಕಿತ್ತರು. ನಾವು ಎರಡು ಅಂಕದಿಂದ ಸೋತೆವು.

ಮೇಷ್ಟ್ರು ಬೆವರುತ್ತ ಓಡಿಬಂದರು. "ಮೇಡಂ ಹತ್ರ ಮಾತಾಡಿದೀನಿ. ಎಲ್ರ ಮುಂದೆ ತಪ್ಪಾಯ್ತು ಅಂದ್ರೆ ಅಂಕ ವಾಪಸ್, ಫೈನಲ್‌ಗೆ ಹೋಗ್ತೀವಿ. ಒಂದು ಮಾತು ಅಂದ್ರೆ ನಿನ್ನ ಗಂಟೇನು ಹೋಗುತ್ತೆ?"

ಮೈಕನ ಕಣ್ಣು ತುಂಬಿತ್ತು. ಈರುಳ್ಳಿ ಇಲ್ಲದೆಯೇ. ಪಾಪ ಎನಿಸಿತು. ಅವನಿಗಾಗಿ ಹೇಳಿಬಿಡಲೇ ಎಂದೂ ಒಂದು ಕ್ಷಣ ಯೋಚಿಸಿದೆ.

ವೇದಿಕೆ ಹತ್ತಿದೆ. "ತಪ್ಪಾಯ್ತು ಅನ್ನಲ್ಲ ಮೇಡಂ. ನೀವು ಅಂಕ ಕಿತ್ಕೊಂಡ್ರಿ, ಆಕ್ಷೇಪಣೆಗೆ ತೀರ್ಪು ಕೊಡ್ಲಿಲ್ಲ. ಅದು ಬಾಕಿ ಇದೆ."

ಮೇಷ್ಟ್ರು ಹಣೆ ಚಚ್ಚಿಕೊಂಡರು. ಆಕೆ ನನ್ನನ್ನು ದಿಟ್ಟಿಸಿ, ಕನ್ನಡಕ ಏರಿಸಿ, ಹನ್ನೊಂದೂ ಪುಟಗಳನ್ನು ನಿಧಾನವಾಗಿ ತಿರುವಿದರು.

"ಎಲ್ಲೂ ಇಲ್ಲ," ಎಂದು ನನಗಷ್ಟೇ ಕೇಳುವಂತೆ ಗೊಣಗಿದರು. "ನಿನ್ನ ಆಕ್ಷೇಪಣೆ ಸರಿ. ಆದ್ರೆ ಕ್ಷಮೆ ಕೇಳದೆ ಅಂಕ ಕೊಡಕ್ಕಾಗಲ್ಲ."

"ಅಂಕ ನೀವೇ ಇಟ್ಕೊಳ್ಳಿ ಮೇಡಂ," ಎಂದು ಮೇಜಿನ ಮೇಲಿದ್ದ ಮೈಕ್ರೋಫೋನನ್ನು ಆಕೆಯ ಕಡೆ ಸರಿಸಿದೆ. "'ಎಲ್ಲೂ ಇಲ್ಲ' ಅಂದ್ರಲ್ಲ, ಅದನ್ನ ಇನ್ನೊಂದ್ಸಲ ಜೋರಾಗಿ ಹೇಳಿ. ನಮ್ಮಮ್ಮ ಕೊನೇ ಸಾಲಲ್ಲಿ ಕೂತಿದಾಳೆ."