ದರ ಇಳಿಸುವವನು

ಟೈ ಗಂಟು ಮತ್ತೆ ಜಾರಿತು. ಹೆಂಡತಿ ಅದನ್ನು ಬಿಚ್ಚಿ, ಸತ್ತ ಗಂಡನ ಕಾಲರಿನ ಸುತ್ತ ಇನ್ನೊಮ್ಮೆ ತಂದಳು.

"ಬಿಡಮ್ಮ, ಟೈ ಇಲ್ಲದಿದ್ರೆ ಏನಾಗುತ್ತೆ?" ಎಂದಳು ಮಗಳು.

"ಆಫೀಸಿನವ್ರೆಲ್ಲ ಬಂದಿದಾರೆ. ಟೈ ಇಲ್ಲದೆ ಅವರೆದುರು ಯಾವತ್ತು ನಿಂತಿದ್ರು ನಿಮ್ಮಪ್ಪ?"

ಬಾಗಿಲಲ್ಲಿ ಯಾರೋ ಕೆಮ್ಮಿದರು. ಹೆಂಡತಿಯ ತಮ್ಮ. ಅವನು ಈ ಮನೆಯ ಹೊಸ್ತಿಲು ತುಳಿದು ವರ್ಷಗಳಾಗಿದ್ದವು. ಅಕ್ಕ ಬಾ ಎನ್ನಲಿಲ್ಲ, ಹೋಗು ಎನ್ನಲೂ ಇಲ್ಲ. ಅವನು ಟೈ ಇಸಿದುಕೊಂಡು ತನ್ನ ಕೊರಳಿಗೇ ಹಾಕಿ ಗಂಟು ಕಟ್ಟಿದ. ಸಡಿಲಿಸಿ ತಲೆಯಿಂದ ತೆಗೆದ. ಆಮೇಲೆ ಭಾವನ ತಲೆಯನ್ನು ಒಂದು ಕೈಯಲ್ಲಿ ಎತ್ತಿ ತೊಡಿಸಿದ.

"ಬಿಗಿ ಆಯ್ತೇನೋ," ಎಂದಳು ಅಕ್ಕ.

ಅವನು ಬೆರಳು ತೂರಿಸಿ ಗಂಟನ್ನು ಸ್ವಲ್ಪ ಸಡಿಲ ಮಾಡಿದ.

ಕಾರು ಕಾರ್ಖಾನೆಯ ಖರೀದಿ ವಿಭಾಗದವರು ಹಜಾರದಲ್ಲಿ ಗೋಡೆಗಂಟಿ ನಿಂತಿದ್ದರು. ಸತ್ತವನು ಅವರ ಮುಖ್ಯಸ್ಥ. ಬಿಡಿಭಾಗ ಪೂರೈಸುವವರ ಬಾಯಲ್ಲಿ ಅವನ ಹೆಸರು ಕತ್ತರಿ.

"ಮೇಲೆ ಹೋಗಿ ಅಲ್ಲೂ ದರ ಇಳಿಸಿ ಅಂತಾರೆ ನೋಡಿ," ಎಂದ ಹಿರಿಯ ಗುಮಾಸ್ತ. ಯಾರೋ ನಕ್ಕು, ತಟ್ಟನೆ ಬಾಯಿ ಮುಚ್ಚಿಕೊಂಡರು. ಗುಮಾಸ್ತನ ದನಿ ತಗ್ಗಿತು. "ಮೀಟಿಂಗ್ ಮೇಜಿನ ಮೇಲೆ ತಲೆ ಇಟ್ಟಿದ್ರು. ನಿದ್ದೆ ಅಂದ್ಕೊಂಡ್ವಿ. ಪಾಪ, ಸುಸ್ತಾಗಿದಾರೆ ಅಂತ ಯಾರೂ ಎಬ್ಬಿಸ್ಲಿಲ್ಲ."

*

ತಮ್ಮನದು ಸೀಟಿನ ಸ್ಪ್ರಿಂಗ್ ಮಾಡುವ ಶೆಡ್ಡು. ಹಾಕು ಎಂದು ಬೆನ್ನು ತಟ್ಟಿದವನೇ ಭಾವ. ಕಾರುಗಳು ಬಿಸಿಬಿಸಿಯಾಗಿ ಮಾರಾಟವಾಗುತ್ತಿದ್ದ ಕಾಲವದು. ಆಮೇಲೆ ಹೊರದೇಶದಿಂದ ಅಗ್ಗದ ಬ್ಯಾಟರಿ ಕಾರುಗಳು ಬಂದವು. ಮಾರಾಟವಾಗದ ಕಾರುಗಳು ಕಾರ್ಖಾನೆಯ ಹಿಂದಿನ ಬಯಲಿನಲ್ಲಿ ಧೂಳು ತಿನ್ನತೊಡಗಿದವು. ನಾವೂ ಬ್ಯಾಟರಿ ಕಾರು ಮಾಡಬೇಕು, ಅದರ ಬಂಡವಾಳವನ್ನು ಹಳೆಯ ಕಾರಿನಿಂದಲೇ ಹಿಂಡಬೇಕು ಎಂದರು ಮೇಲಿನವರು. ಹಿಂಡುವ ಕೆಲಸ ಖರೀದಿ ವಿಭಾಗದ್ದು.

ಅಲ್ಲಿನ ಕಿಟಕಿಯಿಲ್ಲದ ಕೋಣೆಯಲ್ಲಿ ಒಂದು ದಿನ ಭಾವ ಎದುರಿಗೆ ಕೂತಿದ್ದ.

"ಇನ್ನೂ ಇಳಿಸ್ಬೇಕು."

"ಹೋದ ವರ್ಷ ಇಳಿಸ್ದೆ, ಅದರ ಹಿಂದಿನ ವರ್ಷನೂ ಇಳಿಸ್ದೆ. ಉಕ್ಕು ಏರಿದೆ, ಕರೆಂಟು ಏರಿದೆ. ಇನ್ನು ನನ್ನ ಚರ್ಮ ಸುಲಿದು ಕೊಡ್ಬೇಕು, ಭಾವ."

"ಇಲ್ಲಿ ಭಾವ ಅನ್ಬೇಡ."

"ಮತ್ತೇನನ್ಲಿ? ಕತ್ತರಿ ಅನ್ಲಾ?"

ಭಾವ ನೀರಿನ ಲೋಟವನ್ನು ಅವನತ್ತ ಸರಿಸಿದ. "ನಿನ್ನೊಬ್ಬನನ್ನ ಬಿಟ್ರೆ, ಉಳಿದವ್ರ ಕತ್ತು ಯಾವ ಮುಖ ಇಟ್ಕೊಂಡು ಹಿಡೀಲಿ, ಹೇಳು."

ತಮ್ಮ ದರ ಇಳಿಸಲಿಲ್ಲ; ಗುತ್ತಿಗೆ ಬೇರೆಯವರಿಗೆ ಹೋಯಿತು. ಶೆಡ್ಡಿಗೆ ಬೀಗ ಬಿತ್ತು. ತಮ್ಮ ಸಾಮಾನು ಸಾಗಿಸುವ ಟೆಂಪೊ ಓಡಿಸತೊಡಗಿದ. ಅಕ್ಕ ಗಂಡನನ್ನು ಬೈದಳು, ಅತ್ತಳು. ಅವನು ತಟ್ಟೆಯ ಮುಂದೆ ಕೂತು, "ನಾಳೆ ಬೇಗ ಹೋಗ್ಬೇಕು," ಎಂದಷ್ಟೇ ಹೇಳಿದ. ಇನ್ನೂ ಇಳಿಸಿ ಎಂಬ ಆಜ್ಞೆ ಆಮೇಲೂ ವರ್ಷವರ್ಷ ಬರುತ್ತಲೇ ಇತ್ತು. ಸಂಜೆ ಮನೆಗೆ ಬಂದರೆ ಶೂ ಬಿಚ್ಚುವಷ್ಟೂ ತ್ರಾಣವಿಲ್ಲದೆ ಕುರ್ಚಿಗೆ ಒರಗುತ್ತಿದ್ದ. ಮಗಳು ಬಿಚ್ಚುತ್ತಿದ್ದಳು.

*

ಚಿತಾಗಾರದ ಅಂಗಳದಲ್ಲಿ ಶವಪೆಟ್ಟಿಗೆ ಇಳಿಸಿ ಸರದಿಗೆ ಕಾಯುತ್ತಿದ್ದಾಗ ಒಬ್ಬೊಬ್ಬರ ಜೇಬಿನಲ್ಲೂ ಫೋನು ಗುಂಯ್‌ಗುಟ್ಟಿತು. ಕಾರ್ಖಾನೆಯವರ ಮುಖ ಬಿಳಿಚಿತು. ಅಗ್ಗದ ಬ್ಯಾಟರಿ ಕಾರಿನ ಆ ಹೊರದೇಶದ ಕಂಪನಿಯೇ ಕಾರ್ಖಾನೆಯನ್ನು ಕೊಂಡಿತ್ತು. ಇನ್ನು ಖರೀದಿಯೆಲ್ಲ ಅವರದೇ ಕಚೇರಿಯಿಂದ, ಈ ವಿಭಾಗ ಬೇಕಾಗಿಲ್ಲ.

"ಇಷ್ಟು ವರ್ಷ ಹಿಂಡಿ ಹಿಂಡಿ ಇಟ್ಟಿದ್ದು ಇದಕ್ಕಾ?" ಎಂದ ಹಿರಿಯ ಗುಮಾಸ್ತ. ಫೋನು ಕಿವಿಗಿಟ್ಟುಕೊಂಡು ಒಬ್ಬೊಬ್ಬರೇ ಗೇಟಿನತ್ತ ಸರಿದರು.

ಚಿತಾಗಾರದ ನೌಕರ ಬಂದ. "ನಿಮ್ದೇ ಸರದಿ. ಪೆಟ್ಟಿಗೆ ಎತ್ತೋಕೆ ಜನ ಎಲ್ಲಿ?"

ಪೆಟ್ಟಿಗೆಯ ಹತ್ತಿರ ಅಕ್ಕ, ತಮ್ಮ, ಮಗಳು ಮೂವರೇ ಇದ್ದರು.

"ನಾನು ಹಿಡಿತೀನಿ, ಮಾವ," ಎಂದಳು ಮಗಳು.

"ಹಿಡಿ ಮಗಳೇ. ಆದ್ರೆ ನಮ್ಮಿಬ್ಬರಿಂದ ಏಳಲ್ಲ. ಅವ್ರನ್ನ ಕರ್ಕೊಂಡು ಬರ್ತೀನಿ."

ಅಕ್ಕ ತಡೆದಳು. "ಬೇಡ್ವೋ. ಅವರ ಸಂಕಟ ಅವರಿಗಿದೆ."

"ಭಾವ ಯಾರನ್ನಾದ್ರೂ ಬಿಟ್ಟಿದ್ರಾ? ನಾನ್ಯಾಕೆ ಬಿಡ್ಲಿ?" ಎಂದ ತಮ್ಮ. ಅಕ್ಕನ ತುಟಿಯಂಚಿನಲ್ಲಿ ನಗು ಸುಳಿಯಿತು. ಅದರ ಬೆನ್ನಿಗೇ, ಬೆಳಗಿನಿಂದ ಬಾರದಿದ್ದ ಅಳು ಬಂತು.

ಗೇಟಿನಾಚೆ ಬಿಸಿಲಿನಲ್ಲಿ ಕಾರುಗಳು ನಿಂತಿದ್ದವು, ಎಲ್ಲವೂ ಅದೇ ಕಾರ್ಖಾನೆಯವು. ಒಂದೊಂದರಲ್ಲೂ ಒಬ್ಬೊಬ್ಬನೇ, ಎಂಜಿನ್ ಚಾಲೂ ಮಾಡದೆ, ಎದುರಿನ ಗೋಡೆ ನೋಡುತ್ತ ಕೂತಿದ್ದ. ತಮ್ಮ ಮೊದಲ ಕಾರಿನ ಗಾಜು ತಟ್ಟಿದ. ಒಳಗಿದ್ದ ಹಿರಿಯ ಗುಮಾಸ್ತ ಬೆಚ್ಚಿಬಿದ್ದ. ಗಾಜು ಇಳಿಯಿತು.

"ಬನ್ನಿ, ಒಂದು ಕೈ ಹಿಡೀರಿ."

ಗುಮಾಸ್ತ ಅಂಗೈಯಿಂದ ಮುಖ ಒರೆಸಿಕೊಂಡು ಇಳಿದ. ತಮ್ಮ ಮುಂದಿನ ಕಾರಿನ ಗಾಜು ತಟ್ಟುವ ಹೊತ್ತಿಗೆ, ಗುಮಾಸ್ತ ಅದರಾಚೆಯದನ್ನು ತಟ್ಟುತ್ತಿದ್ದ.