ಹೆಸರಿಲ್ಲದ ಬ್ಯಾನಿ

ಆದೋನಿಯ ಹತ್ತಿ ಮಾರುಕಟ್ಟೆಯಲ್ಲಿ ದಲಾಲಿ ಅಂಗಡಿ ಇಟ್ಟಿರುವ ಬಸವಪ್ರಸಾದನ ಮನೆಯಲ್ಲಿ ಬೆಳಗಾಗುವುದು ಅವನ ತಾಯಿ ಗುರುಬಸಮ್ಮನ ಲಿಂಗಪೂಜೆಯೊಂದಿಗೆ. ಮುದುಕಿ ಅಂಗೈಯಲ್ಲಿ ಲಿಂಗ ಹಿಡಿದು ಕುಳಿತಳೆಂದರೆ ಅಡಿಗೆಮನೆಯಲ್ಲಿ ಮಿಕ್ಸಿ ಕೂಡ ತಿರುಗುವಂತಿಲ್ಲ. ಪೂಜೆ ಮುಗಿದ ಮೇಲೆ ಸೊಸೆ ಮಹಾಲಕ್ಷ್ಮಿ ಮಂಡಕ್ಕಿ ನೆನೆಸಿ ಉಗ್ಗಾನಿ ಮಾಡುವಳು, ಮೆಣಸಿನಕಾಯಿ ಬಜ್ಜಿ ಕರಿಯುವಳು. ಅದನ್ನು ತಿಂದು ಮಗ ಅಂಗಡಿಗೆ, ಮೊಮ್ಮಗಳು ಅಶ್ವಿನಿ ಬಿ.ಎಡ್. ಕಾಲೇಜಿಗೆ. ಆಮೇಲೆ ಅತ್ತೆ ಸೊಸೆ ಇಬ್ಬರೂ ಒಂದೇ ತಟ್ಟೆಯ ಬಜ್ಜಿಗೆ ಕೈಹಾಕಿ ಕೂತು ಓಣಿಯ ಸುದ್ದಿಯನ್ನೆಲ್ಲ ಅರೆಯುವರು.

ಗುರುಬಸಮ್ಮ ಕೆಟ್ಟವಳಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಕೆಟ್ಟವರು ಮಾಡುವ ಕೆಟ್ಟದ್ದಕ್ಕೆ ಕತೆ ಬೇಕಾಗಿಲ್ಲ. ಸೊಸೆ ಮುಟ್ಟಾದಾಗ ಒಂದು ದಿನವೂ ಹೊರಗೆ ಕೂರಿಸಿದವಳಲ್ಲ. ಪಕ್ಕದ ಮನೆಯವರು ಕೇಳಿದರೆ, "ಲಿಂಗ ಕಟ್ಟಿದೋರಿಗೆ ಎಲ್ಲೀ ಸೂತಕ?" ಎಂದು ಎದೆಯುಬ್ಬಿಸಿ ಹೇಳುತ್ತಿದ್ದಳು. ಓಣಿಯಲ್ಲಿ ಯಾರ ಕಾಲು ಮುರಿದರೂ ಮೋಸಂಬಿ, ಬ್ರೆಡ್ಡು ಹಿಡಿದು ಮೊದಲು ಹೋಗುತ್ತಿದ್ದವಳೂ ಅವಳೇ.

ಇಂಥ ಮನೆಯಲ್ಲಿ ಮಹಾಲಕ್ಷ್ಮಿಯ ಎದೆಯಲ್ಲಿ ಒಂದು ಗಂಟು ಕಾಣಿಸಿಕೊಂಡಿತು. ಕರ್ನೂಲಿಗೆ ಕರೆದುಕೊಂಡು ಹೋಗಿ ತೋರಿಸಿದರು. ದೊಡ್ಡ ಆಸ್ಪತ್ರೆಯ ಡಾಕ್ಟರಮ್ಮ ಪರೀಕ್ಷೆ ಮಾಡಿಸಿ, ಕ್ಯಾನ್ಸರ್ ಎಂದು ನೇರವಾಗಿ ಹೇಳಿದರು. ಬೇಗ ಬಂದಿದ್ದೀರಿ, ಆಪರೇಷನ್ ಮಾಡಿ ಕೀಮೋ ಕೊಟ್ಟರೆ ಗುಣವಾಗುತ್ತದೆ, ಆದರೆ ನಡುವೆ ಬಿಡಬಾರದು ಎಂದೂ ಒತ್ತಿ ಹೇಳಿದರು. ಗಂಡ ಹೆಂಡತಿ ಮನೆಗೆ ಬಂದು ಬಾಯಿಬಿಡುವಷ್ಟರಲ್ಲಿ ಗುರುಬಸಮ್ಮ ಬಾಗಿಲು ಮುಚ್ಚಿದಳು.

"ಆ ಬ್ಯಾನಿ ಹೆಸರು ಈ ಹೊಸ್ತಿಲ ಒಳಗ ಯಾರೂ ಎತ್ತಬ್ಯಾಡ್ರಿ. ಮನ್ಯಾಗ ಬೆಳದ ಹುಡುಗಿ ಅದಾಳ. ತಾಯಿಗೆ ಇದ್ದದ್ದು ಮಗಳಿಗೂ ಬರ್ತೈತಿ ಅಂತ ಮಂದಿ ಅಂದ್ರ, ಆಕಿನ್ನ ಯಾರು ತಗೊಂತಾರ?"

ಅಲ್ಲಿಗೆ ತೀರ್ಮಾನವಾಯಿತು. ಇದು ಆ ಮನೆಯೊಂದರ ಮಾತಲ್ಲ. ನಮ್ಮ ಕಡೆ ಹೆಣ್ಣುಮಕ್ಕಳಿರುವ ಮನೆಗಳಲ್ಲಿ ಈ ವಾಡಿಕೆ ಯಾವ ಶಾಸ್ತ್ರದಲ್ಲೂ ಬರೆಯದೆ ಶಾಸ್ತ್ರಕ್ಕಿಂತ ಗಟ್ಟಿಯಾಗಿ ನಿಂತಿದೆ: ಮಕ್ಕಳ ಮದುವೆ ಆಗುವ ತನಕ ತಾಯಿಯ ರೋಗ ಹೊರಗೆ ಬರಬಾರದು. ಹೇಳಲು ನಾಚಿಕೆಯಾಗುತ್ತದೆ, ಇದನ್ನು ನಾವು ಮಾನ ಎಂದು ಕರೆಯುತ್ತೇವೆ.

ಆಪರೇಷನ್ ಆದಾಗ ನೆಂಟರಿಗೆ ಪಿತ್ತಕೋಶದ ಕಲ್ಲು ತೆಗೆಸಿದರೆಂದು ಹೇಳಿದರು. ಕೀಮೋ ಶುರುವಾದಾಗ ಕಲ್ಲಿನ ಕತೆ ಸಾಲದೆ ಹೋಯಿತು. ಒಂದು ಸುಳ್ಳಿನ ಬಾಲಕ್ಕೆ ಇನ್ನೊಂದನ್ನು ಕಟ್ಟಿದರು: ತವರಿಗೆ ಹೋಗಿದ್ದಾಳೆ, ಮಂತ್ರಾಲಯಕ್ಕೆ ಹರಕೆಗೆ ಹೋಗಿದ್ದಾಳೆ. ಕಾಲು ಮುರಿದವರ ಮನೆಗೆ ಓಣಿಯೇ ಹೋಗುತ್ತದೆ. ಮಹಾಲಕ್ಷ್ಮಿಯನ್ನು ನೋಡಲು ಒಬ್ಬರೂ ಬರಲಿಲ್ಲ. ಬರುವುದೆಲ್ಲಿಂದ? ಯಾರಿಗೂ ಗೊತ್ತಿಲ್ಲವಲ್ಲ. ಬಾಯಿ ಹುಣ್ಣಾಗಿ ಅನ್ನ ಸೇರದಿದ್ದಾಗ ಎರಡು ಮಾತಾಡಿಸಿ ಉಣ್ಣಿಸುವ ಗೆಳತಿಯರು ಗೋಡೆಯ ಆಚೆಗೇ ಇದ್ದರು, ಅವರಿಗೂ ಬಾಗಿಲು ತೆರೆಯಲಿಲ್ಲ.

ಕೂದಲು ಉದುರತೊಡಗಿತು. ಕೆಲಸದವಳ ಕಣ್ಣಿಗೆ ಬೀಳದಿರಲೆಂದು ಗುರುಬಸಮ್ಮ ತಾನೇ ಗುಡಿಸಿ ಕಾಗದದಲ್ಲಿ ಸುತ್ತಿ ಎಸೆಯುತ್ತಿದ್ದಳು. ತಲೆ ಪೂರ್ತಿ ಬೋಳಾದ ದಿನ ಸೊಸೆಯ ಹಾಸಿಗೆ ಮಾಳಿಗೆ ಮೇಲಿನ ಕೋಣೆಗೆ ಹೋಯಿತು. ಮುತ್ತೈದೆಯ ತಲೆ ಬೋಳಾಗಿರುವುದನ್ನು ಬಂದುಹೋಗುವವರು ನೋಡಬಾರದು, ಅಪಶಕುನ. ಶ್ರಾವಣದಲ್ಲಿ ಓಣಿಯ ಹೆಂಗಸರು ಅರಿಶಿನ ಕುಂಕುಮಕ್ಕೆ ಬಂದಾಗ ಮಹಾಲಕ್ಷ್ಮಿ ಮೇಲೆ ಕೂತು ಅವರ ನಗು ಕೇಳುತ್ತಿದ್ದಳು. ಕೆಮ್ಮು ಬಂದರೆ ಸೆರಗನ್ನು ಬಾಯಿಗೆ ತುರುಕಿಕೊಳ್ಳುತ್ತಿದ್ದಳು.

ಅಶ್ವಿನಿ ಸುಮ್ಮನಿರಲಿಲ್ಲ. ಒಂದು ದಿನ ಅಜ್ಜಿಯ ಪೂಜೆ ಮುಗಿಯುವುದನ್ನೇ ಕಾದು ಕೇಳಿದಳು.

"ಅಜ್ಜಿ, ಲಿಂಗ ಕಟ್ಟಿದೋರಿಗೆ ಸೂತಕ ಇಲ್ಲ ಅಂತೀಯಲ್ಲ. ಮುಟ್ಟಿಗಿಲ್ಲ, ಸಾವಿಗಿಲ್ಲ. ಅವ್ವನ ಬೋಳು ತಲಿಗೆ ಎಲ್ಲಿಂದ ಬಂತು? ಆಕಿ ಕೊರಳಾಗೂ ಲಿಂಗ ಐತಿ."

ಉತ್ತರ ಹೊಳೆಯದ ಹಿರಿಯರು ಏನು ಮಾಡುತ್ತಾರೋ ಅದನ್ನೇ ಮುದುಕಿ ಮಾಡಿದಳು: ಓದಿದ ಹುಡುಗಿಯರ ನಾಲಿಗೆ ಉದ್ದ ಎಂದು ಬೈದಳು, ಇದೆಲ್ಲ ನಿನ್ನ ಸಲುವಾಗಿಯೇ ಎಂದು ಅತ್ತಳು. ಮಹಾಲಕ್ಷ್ಮಿಯೇ ಮಗಳ ಕೈ ಹಿಡಿದು, ನಿನ್ನ ಮದುವೆ ಆಗುವ ತನಕ ಬಿಡವ್ವ ಎಂದು ಬೇಡಿಕೊಂಡಳು. ತನ್ನ ಮೈಯೇ ಮಗಳ ದಾರಿಗೆ ಅಡ್ಡ ಬಿದ್ದಿದೆ ಎಂಬ ನಾಚಿಕೆ ಅವಳನ್ನು ರೋಗಕ್ಕಿಂತ ಹೆಚ್ಚು ತಿನ್ನುತ್ತಿತ್ತು.

ಬಸವಪ್ರಸಾದ ಪ್ರತಿ ಸಲವೂ ಹೆಂಡತಿಯನ್ನು ಕರ್ನೂಲಿಗೆ ಕರೆದೊಯ್ಯುತ್ತಿದ್ದ. ಆದರೆ ಹತ್ತಿ ವ್ಯಾಪಾರದವರು ಯಾರಾದರೂ ಕಂಡಾರೆಂದು ಹೆದರಿ ಅವಳನ್ನು ವಾರ್ಡಿನ ಬಾಗಿಲಲ್ಲಿ ಬಿಟ್ಟು ತಾನು ದೂರದ ಚಹದಂಗಡಿಯಲ್ಲಿ ಕೂರುತ್ತಿದ್ದ. ಒಳಗೆ ಅವಳಿಗೆ ಆಸರೆಯಾದವಳು ಪಕ್ಕದ ಹಾಸಿಗೆಯ ಒಬ್ಬ ಹೆಂಗಸು. ಅವಳೂ ತಲೆತುಂಬ ಸೆರಗು ಹೊದ್ದು, ಅಷ್ಟು ದೂರದಲ್ಲಿ ತಮ್ಮನನ್ನು ಕೂರಿಸಿ, ಗೋಡೆಗೆ ಮುಖ ಮಾಡಿ ಮಲಗುವವಳು. ನಾನು ರಾಯಚೂರಿನವಳು ಎಂದಳು ಅವಳು. ನಾನು ಗುಂತಕಲ್ಲಿನವಳು ಎಂದಳು ಮಹಾಲಕ್ಷ್ಮಿ. ಇಬ್ಬರದೂ ಸುಳ್ಳು. ಹೆಸರು ಇಬ್ಬರೂ ಕೇಳಲಿಲ್ಲ. ಅಕ್ಕ, ತಂಗಿ ಎಂದೇ ನಡೆಯಿತು. ಮಹಾಲಕ್ಷ್ಮಿಯ ನರ ಸಿಗದೆ ನರ್ಸಮ್ಮ ಮತ್ತೆ ಮತ್ತೆ ಸೂಜಿ ಚುಚ್ಚುವಾಗ ಅಕ್ಕ ಅವಳ ಇನ್ನೊಂದು ಕೈಯನ್ನು ಹಿಡಿದುಕೊಳ್ಳುತ್ತಿದ್ದಳು. ಬಾಯಿ ಹುಣ್ಣಿಗೆ ತಣ್ಣನೆಯ ಮಜ್ಜಿಗೆ ಅನ್ನ, ವಾಕರಿಕೆಗೆ ಮೂಸಲು ಒಂದು ನಿಂಬೆಹಣ್ಣು, ಎಲ್ಲ ಅವಳೇ ಹೇಳಿಕೊಟ್ಟದ್ದು. ಇಬ್ಬರೂ ಸೆರಗು ಸರಿಸಿ ಒಬ್ಬರ ಬೋಳು ತಲೆ ಒಬ್ಬರು ಸವರಿ ನಕ್ಕದ್ದೂ ಉಂಟು. ಫೋನ್ ನಂಬರ್ ಮಾತ್ರ ಕೊಟ್ಟುಕೊಳ್ಳಲಿಲ್ಲ. ಮನೆಯಲ್ಲಿ ಯಾರಾದರೂ ಎತ್ತಿದರೆ?

ಒಂದು ಸಲ ಅಕ್ಕ ಹೊರಡುವಾಗ ಹೇಳಿದಳು, "ಇನ್ನ ಬರಲ್ಲ ತಂಗಿ. ಮಗಗ ಸಂಬಂಧ ಕೂಡೈತಿ. ಸೂಜಿ ತಗೊಂಡ್ರ ನಿಲ್ಲಾಕ ಆಗಲ್ಲ, ಮುಖ ನೋಡಿದ ಕೂಡಲೇ ಗೊತ್ತಾಗ್ತೈತಿ. ಮದುವಿ ಮುಗಿಸಿ ಬರ್ತೀನಿ."

ನಡುವೆ ಬಿಡಬಾರದು ಎಂಬ ಡಾಕ್ಟರಮ್ಮನ ಮಾತು ಮಹಾಲಕ್ಷ್ಮಿಯ ನಾಲಿಗೆಯ ತುದಿಗೆ ಬಂತು. ಆದರೆ ಅವಳ ಬಾಯಿಂದ ಹೊರಟದ್ದು ಮನೆಯಲ್ಲಿ ಕೇಳಿ ಕೇಳಿ ಉರುಹೊಡೆದ ಮಾತು: "ಹೌದಕ್ಕ, ಮಕ್ಕಳ ಕಾರ್ಯ ಮೊದಲು."

ಇತ್ತ ಅಶ್ವಿನಿಗೂ ಸಂಬಂಧ ಬಂದಿತ್ತು. ಆಲೂರಿನ ಚಂದ್ರಣ್ಣನೆಂಬ ಜಮೀನುದಾರನ ಮಗ ಬಸವಕಿರಣ, ಶಾಲೆಯ ಮೇಷ್ಟ್ರು. ಹುಡುಗಿ ನೋಡಲು ಬಂದಾಗ ಹುಡುಗನ ತಾಯಿ ಬಂದಿರಲಿಲ್ಲ, ಮೊಣಕಾಲು ನೋವೆಂದರು. ಹುಡುಗಿಯ ತಾಯಿ ಮಂತ್ರಾಲಯಕ್ಕೆ ಹೋಗಿದ್ದಾಳೆಂದು ಇವರೂ ಹೇಳಿದರು. ಇವರು ಕೆದಕಲಿಲ್ಲ, ಅವರೂ ಕೆದಕಲಿಲ್ಲ. ಎಂಥ ದೊಡ್ಡ ಮನಸ್ಸಿನ ಬೀಗರು ಸಿಕ್ಕರೆಂದು ಎರಡೂ ಮನೆಯವರು ಒಬ್ಬರನ್ನೊಬ್ಬರು ಹೊಗಳಿಕೊಂಡರು.

ನಿಶ್ಚಯ ಆದೋನಿಯ ಮನೆಯಲ್ಲೇ ನಡೆಯಿತು. ಆ ವಾರ ಬರಬೇಕಿದ್ದ ಮಹಾಲಕ್ಷ್ಮಿಯ ಸೂಜಿಯನ್ನೂ ಮುಂದಕ್ಕೆ ಹಾಕಿದ್ದರು. ಮಗಳಿಗೆ ರೇಷ್ಮೆ ಸೀರೆ ಉಡಿಸುವುದು ಕೆಳಗೆ ನಡೆದಿರುವಾಗ ತಾಯಿ ಮೇಲೆ ಬಾಗಿಲು ಹಾಕಿಕೊಂಡಿದ್ದಳು. ಉಡಿ ತುಂಬುವುದು ಗಂಡಿನ ತಾಯಿಯ ಕೆಲಸವಾದ್ದರಿಂದ ಚಂದ್ರಣ್ಣನ ಹೆಂಡತಿ ನಾಗಜ್ಯೋತಿ ಆ ದಿನ ಬಂದಿದ್ದಳು. ದಟ್ಟ ಜಡೆ, ಜಡೆಯ ತುಂಬ ಮಲ್ಲಿಗೆ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಎನ್ನುತ್ತಾರಲ್ಲ, ಇಲ್ಲಿ ಜುಟ್ಟೂ ತನ್ನದಾಗಿರಲಿಲ್ಲ. ಅದು ವಿಗ್ಗೆಂದು ಯಾರಿಗೂ ತಿಳಿಯಲಿಲ್ಲ. ಉಡಿ ತುಂಬುವಾಗ ಅವಳಿಗೆ ಬೆರಳು ಮಡಚಲಾಗದೆ ಅಕ್ಕಿ ನೆಲಕ್ಕೆ ಚೆಲ್ಲಿತು. ಉಸಿರು ಹತ್ತುತ್ತಿತ್ತು. ಸ್ವಲ್ಪ ಒರಗಿಕೊಳ್ಳಬೇಕು ಎಂದು ಅಶ್ವಿನಿಯ ಕಿವಿಯಲ್ಲಿ ಹೇಳಿದಳು.

ಮನೆಯ ತುಂಬ ಮಂದಿ. ಅಶ್ವಿನಿ ಒಂದು ಗಳಿಗೆ ಯೋಚಿಸಿದಳು. ಆಮೇಲೆ ಮೆಲ್ಲಗೆ, "ಅತ್ತಿ, ನಮ್ಮವ್ವ ಊರಿಗೆ ಹೋಗಿಲ್ಲ. ಮ್ಯಾಲೇ ಅದಾಳ, ಆರಾಮ ಇಲ್ಲ. ಸೊಸಿ ಆಗೋಕಿ ಮೊದಲ ದಿನಾ ಸುಳ್ಳು ಹೇಳಬಾರದು. ಬರ್ರಿ" ಎಂದು ಕೈಹಿಡಿದು ಮೆಟ್ಟಿಲು ಹತ್ತಿಸಿದಳು. ಅದನ್ನು ಕಂಡ ಗುರುಬಸಮ್ಮ ಏದುಸಿರು ಬಿಡುತ್ತ ಹಿಂದೆಯೇ ಹತ್ತಿದಳು.

ಅವಳು ಬಾಗಿಲು ಮುಟ್ಟುವಷ್ಟರಲ್ಲಿ ತಡವಾಗಿತ್ತು. ಕೋಣೆಯ ಒಳಗೆ ಇಬ್ಬರು ಹೆಂಗಸರು ಒಬ್ಬರನ್ನೊಬ್ಬರು ನೋಡುತ್ತ ನಿಂತಿದ್ದರು.

"ಅಕ್ಕ, ನೀ ರಾಯಚೂರಾಕಿ ಅಲ್ಲೇನು?"

"ನೀ ಗುಂತಕಲ್ಲಾಕಿ ಅಲ್ಲೇನು?"

ಮೊದಲು ನಗು ಬಂತು. ಆಮೇಲೆ ಮಹಾಲಕ್ಷ್ಮಿ ಅವಳ ಊದಿದ ಕೈ ನೋಡಿದಳು, ಎಳೆಯುತ್ತಿದ್ದ ಉಸಿರು ಕೇಳಿದಳು. ಮದುವೆ ಇನ್ನೂ ದೂರವಿದೆ, ಇಷ್ಟು ದಿನ ಸೂಜಿ ಯಾಕೆ ಬಿಟ್ಟೆ ಎಂದು ಕೇಳಿದಳು.

"ಹೆಣ್ಣಿನ ಮನಿಯೋರಿಗೆ ಗೊತ್ತಾದ್ರ ಸಂಬಂಧ ಮುರಿತಾರ ಅಂತ ಅಂಜಿದ್ವಿ ತಂಗಿ. ದೊಡ್ಡ ಮನಿ, ಆಚಾರದೋರು ಅಂತ ಕೇಳಿದ್ವಿ."

ಹೆಣ್ಣಿನ ಮನೆಯವರು ಎಂದರೆ ಯಾರು? ಎದುರಿಗೆ ಬೋಳು ತಲೆಯಲ್ಲಿ ನಿಂತವಳು, ಬಾಗಿಲಲ್ಲಿ ಚೌಕಟ್ಟು ಹಿಡಿದು ನಿಂತ ಮುದುಕಿ. ಈ ಮನೆಗೆ ಅಂಜಿ ಆ ಮನೆ ಔಷಧ ಬಿಟ್ಟಿತ್ತು, ಆ ಮನೆಗೆ ಅಂಜಿ ಈ ಮನೆ ಹೆಣ್ಣನ್ನು ಕೋಣೆಯಲ್ಲಿ ಕೂಡಿಟ್ಟಿತ್ತು. ಮಕ್ಕಳ ಕಾರ್ಯ ಮೊದಲು ಎಂದು ತಾನೇ ಹೇಳಿ ಕಳಿಸಿದ್ದು ನೆನಪಾಗಿ ಮಹಾಲಕ್ಷ್ಮಿ ಅಕ್ಕನ ಕೈ ಹಿಡಿದುಕೊಂಡಳು. ಗುರುಬಸಮ್ಮ ತಲೆ ಎತ್ತದೆ ಹಾಗೆಯೇ ಕೆಳಗಿಳಿದು ಹೋದಳು.

ಆ ಸಂಜೆ ಬೀಗರು ಬೀಗರು ಒಬ್ಬರ ಮುಖ ಒಬ್ಬರು ನೋಡಲಾರದೆ ಕೂತರು. ಯಾರು ಯಾರನ್ನು ಬೈಯಬೇಕು? ಅವ್ವಂದಿರಿಬ್ಬರ ಔಷಧ ಮುಗಿಯುವ ತನಕ ಮದುವೆ ಬೇಡ ಎಂದು ಅಶ್ವಿನಿ ಹೇಳಿದಳು, ಬಸವಕಿರಣ ನನ್ನದೂ ಅದೇ ಮಾತು ಎಂದ. ಮರುದಿನ ಒಂದೇ ಕಾರಿನಲ್ಲಿ ಇಬ್ಬರನ್ನೂ ಕರ್ನೂಲಿಗೆ ಕರೆದೊಯ್ದರು. ಬಸವಪ್ರಸಾದ ಈ ಸಲ ಚಹದಂಗಡಿಗೆ ಹೋಗಲಿಲ್ಲ. ಹೆಂಡತಿಯ ಹಾಸಿಗೆಯ ಪಕ್ಕದ ಸ್ಟೂಲಿನ ಮೇಲೆ ಕೂತ. ಡಾಕ್ಟರಮ್ಮ ಮಹಾಲಕ್ಷ್ಮಿಯ ಔಷಧ ಮುಂದುವರಿಸಿದರು. ನಾಗಜ್ಯೋತಿಗೆ ರೋಗ ಶ್ವಾಸಕೋಶಕ್ಕೆ ಇಳಿದಿತ್ತು. ಬಿಡದೆ ಬಂದಿದ್ದರೆ ಮಾತೇ ಬೇರೆ ಇತ್ತು ಎಂದರು.

ಅಂದಿನಿಂದ ಎರಡು ಮನೆಯವರೂ ಸರದಿಯ ಮೇಲೆ ಅವಳ ಹತ್ತಿರ ಇದ್ದರು. ಅಶ್ವಿನಿ ಬೆನ್ನು ನೀವುತ್ತಿದ್ದಳು, ಮಗ ಎತ್ತಿ ಕೂರಿಸುತ್ತಿದ್ದ, ಮಹಾಲಕ್ಷ್ಮಿ ತನಗೆ ಕೈಲಾದ ದಿನ ಮಜ್ಜಿಗೆ ಅನ್ನ ಕಲಸಿ ತರುತ್ತಿದ್ದಳು. ಮೊದಲೇ ಇಷ್ಟು ಮಂದಿ ಇದ್ದಿದ್ದರೆ ತಂಗಿ, ಎಂದು ಒಮ್ಮೆ ನಾಗಜ್ಯೋತಿ ಅಂದಳು. ಆಮೇಲೆ ಆ ಮಾತು ಎತ್ತಲಿಲ್ಲ. ಜೋಳ ತೆನೆ ಕಟ್ಟುವ ಹೊತ್ತಿಗೆ ತೀರಿಕೊಂಡಳು.

ಆಲೂರಿನ ಪಡಸಾಲೆಯಲ್ಲಿ ನಮ್ಮ ಪದ್ಧತಿಯಂತೆ ಅವಳನ್ನು ಗೋಡೆಗೆ ಒರಗಿಸಿ ಕೂರಿಸಿದ್ದರು. ಹಣೆಗೆ ವಿಭೂತಿ, ಕೈತುಂಬ ಹಸಿರು ಬಳೆ. ತಲೆಯ ಮೇಲೆ ಅದೇ ವಿಗ್ಗು, ಮಲ್ಲಿಗೆ ದಂಡೆ. ಸತ್ತ ಮೇಲೂ ಅವಳ ತಲೆ ಮುಚ್ಚಿದ್ದರು. ಊರಿನ ಹೆಂಗಸೊಬ್ಬಳು ಏನಾಗಿತ್ತವ್ವ ಎಂದು ಕೇಳಿದಾಗ ಚಂದ್ರಣ್ಣನ ಅಕ್ಕ, ಹಾರ್ಟ್ ಅಟ್ಯಾಕ್ ಎಂದಳು. ಪಕ್ಕದಲ್ಲಿದ್ದವರಿಗೆ ಕಣ್ಣುಸನ್ನೆ ಮಾಡಿ, ಬಸವಕಿರಣನ ತಂಗಿ ಹಾರಿಕಾ ಇನ್ನೂ ಮದುವೆಗೆ ಇದ್ದಾಳೆ ಎಂದು ಪಿಸುಗುಟ್ಟಿದಳು. ತಾಯಿಯ ಪಾದ ಹಿಡಿದು ಕೂತಿದ್ದ ಹಾರಿಕಾ ಅದನ್ನು ಕೇಳಿ ತಲೆ ತಗ್ಗಿಸಿದಳು.

ಗುರುಬಸಮ್ಮ ಮೂಲೆಯಿಂದ ಎದ್ದಳು. ಮೊಣಕಾಲು ಹಿಡಿದುಕೊಂಡು ಹೆಣದ ಹತ್ತಿರ ಬಂದು, ಎರಡೂ ಕೈಯಿಂದ ಆ ವಿಗ್ಗನ್ನು ಮೆಲ್ಲಗೆ ತೆಗೆದು ಪಕ್ಕಕ್ಕಿಟ್ಟಳು. ಬೋಳು ತಲೆಗೆ ವಿಭೂತಿ ಹಚ್ಚಿದಳು. ಹಿಂದೆ ನಿಂತಿದ್ದ ಮಹಾಲಕ್ಷ್ಮಿ ತನ್ನ ಬೋಳು ತಲೆಯ ಸೆರಗನ್ನೂ ಇಳಿಸಿದಳು.

"ಹಾರ್ಟ್ ಅಲ್ಲ," ಎಂದಳು ಮುದುಕಿ. "ಕ್ಯಾನ್ಸರ್. ನನ್ನ ಸೊಸಿಗೂ ಅದಾ ಬಂದಿತ್ತು, ಆಕಿ ಬದುಕ್ಯಾಳ, ನೋಡ್ರಿ. ಈಕಿ ಕ್ಯಾನ್ಸರಿಗೆ ಸಾಯಲಿಲ್ಲವ್ವ. ನನಗ ಅಂಜಿ ಸತ್ತಳು."